ಸವೆದ ರೋಮನ್ ನಾಣ್ಯ ಗುರುತಿಸುವುದು ಹೇಗೆ: ತೂಕ ಮೊದಲು, ಹೆಸರು ಕೊನೆಗೆ

ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಒಂದೇ ಥರ. ಅಂಗೈ ಮೇಲೆ ಒಂದು ಕಪ್ಪು ನಾಣ್ಯ, ಒಂದೇ ಬದಿ, ಮೇಲಿಂದ ಫ್ಲ್ಯಾಶ್ ಬೆಳಕು, ಕೆಳಗೆ ‘ಸರ್, ಇದು ಯಾವ ರಾಜ?’ ಎಂಬ ಪ್ರಶ್ನೆ. ತೂಕ ಹೇಳಿಲ್ಲ, ಅಗಲ ಹೇಳಿಲ್ಲ, ಹಿಂಬದಿ ತೋರಿಸಿಲ್ಲ. ಕೇಳಿದವರು ಅಷ್ಟು ಹೊತ್ತಿಗೆ ಗಂಟೆಗಟ್ಟಲೆ ಆ ಮುಖವನ್ನೇ ನೋಡಿ, ನೂರಾರು ಚಿತ್ರಗಳ ಜೊತೆ ಹೋಲಿಸಿ, ಬೇಸತ್ತು ಹೋಗಿರುತ್ತಾರೆ.

ಮುಖದಿಂದ ಶುರು ಮಾಡಿದರೆ ಹೀಗೇ ಆಗುತ್ತದೆ. ಸಾವಿರದ ಆರುನೂರು ವರ್ಷ ಹಳೆಯ ಸವೆದ ತಾಮ್ರದ ಮೇಲೆ ಎಲ್ಲ ರಾಜರೂ ಒಂದೇ ಥರ ಕಾಣುತ್ತಾರೆ. ಹೆಸರು ಓದುವುದು ಕೊನೆಯ ಕೆಲಸ. ಅಲ್ಲಿಗೆ ಬರುವಷ್ಟರಲ್ಲಿ ಉಳಿದ ಸುಳಿವುಗಳು ಮೂರ್ನಾಲ್ಕು ಹೆಸರು ಬಿಟ್ಟು ಬೇರೆಲ್ಲವನ್ನೂ ಹೊರಗೆ ಹಾಕಿರಬೇಕು. ಆಗ ಮೂರು ಅಕ್ಷರ ಕಂಡರೂ ಸಾಕು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದನ್ನೂ ಹಾರಿಸಬೇಡಿ.

## ಹಂತ 1: ಕೊಳ್ಳುವ ಮೊದಲು ಕಾನೂನು ನೋಡಿ

ಭಾರತದಲ್ಲಿ ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ವ್ಯಾಪಾರವಾಗಿ ಮಾರಲು ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಅಮೆರಿಕದಲ್ಲಿರುವ ಅಣ್ಣನಿಗೆ ಉಡುಗೊರೆ ಎಂದು ಸೂಟ್‌ಕೇಸಿನಲ್ಲಿ ಒಂದು ನಾಣ್ಯ ಒಯ್ದರೂ ಅದು ಅಪರಾಧವೇ. ಲೈಸೆನ್ಸ್ ಇರುವವರ ಹತ್ತಿರ ಮಾತ್ರ ಕೊಳ್ಳಿ. ಬಿಲ್ ತಗೊಳ್ಳಿ, ಬಿಲ್‌ನಲ್ಲಿ ನಾಣ್ಯದ ತೂಕ ಬರೆಸಿಕೊಳ್ಳಿ.

ಇನ್ನೊಂದು ಮಾತು. ‘ಹೊಲ ಉಳುವಾಗ ಸಿಕ್ತು ಸಾರ್, ಯಾರಿಗೂ ಹೇಳಿಲ್ಲ’ ಎಂದು ಯಾರಾದರೂ ಬಂದರೆ ಅಲ್ಲಿಂದ ಎದ್ದು ಬನ್ನಿ. ಕಥೆ ಸುಳ್ಳಾದರೆ ನಾಣ್ಯ ನಕಲಿ. ಕಥೆ ನಿಜವಾದರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕಾದ ಮಾಲು. ಎರಡರಲ್ಲೂ ನಿಮಗೆ ನಷ್ಟವೇ. ಕರ್ನಾಟಕದಲ್ಲಿ ಇದು ದೂರದ ಮಾತಲ್ಲ, 1891ರಲ್ಲಿ ಯಶವಂತಪುರದಲ್ಲೇ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತ್ತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ನಿಮ್ಮ ಜಮೀನಿನಲ್ಲೇ ಸಿಕ್ಕರೆ ಮಣ್ಣು ಕೂಡ ಒರೆಸಬೇಡಿ, ಜಾಗದ ಫೋಟೋ ತೆಗೆದು ತಿಳಿಸಿ. ಯಾವ ಆಳದಲ್ಲಿ, ಯಾವ ಮಡಕೆಯಲ್ಲಿ, ಯಾವ ನಾಣ್ಯದ ಪಕ್ಕ ಯಾವುದಿತ್ತು ಎಂಬುದು ಒಮ್ಮೆ ಕಳೆದರೆ ಮತ್ತೆ ಸಿಗುವುದಿಲ್ಲ.

## ಹಂತ 2: ಸಾಮಾನು ಜೋಡಿಸಿ

ಬೇಕಾದದ್ದು ಸ್ವಲ್ಪವೇ. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ (ಅಡುಗೆಮನೆಯ ತಕ್ಕಡಿ ಇಲ್ಲಿ ಏನೂ ಪ್ರಯೋಜನವಿಲ್ಲ), ಮಿಲಿಮೀಟರ್ ತೋರಿಸುವ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಬಗ್ಗಿಸಬಹುದಾದ ಟೇಬಲ್ ಲ್ಯಾಂಪ್, ಒಂದು ಅಯಸ್ಕಾಂತ, ಡಿಸ್ಟಿಲ್ಡ್ ವಾಟರ್, ಮರದ ಹಲ್ಲುಕಡ್ಡಿ, ಹತ್ತಿ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿಕೊಳ್ಳಿ.

ಬಟ್ಟೆ ಯಾಕೆಂದರೆ ಹಳೆಯ ಬೆಳ್ಳಿ ಒಳಗೊಳಗೇ ಪುಡಿಯಾಗಿರಬಹುದು. ಹೊರಗೆ ಗಟ್ಟಿಯಾಗಿ ಕಾಣುವ ದಿನಾರಿಯಸ್ ನಾಣ್ಯ ನೆಲಕ್ಕೆ ಬಿದ್ದರೆ ಬಿಸ್ಕತ್ತಿನ ಹಾಗೆ ಎರಡು ತುಂಡಾಗಬಹುದು. ನಮ್ಮಲ್ಲಿ ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಹಾಕಿ ‘ಟಣ್’ ಸದ್ದು ಕೇಳುವ ಅಭ್ಯಾಸ ಇದೆಯಲ್ಲ, ಅದನ್ನು ಇಲ್ಲಿ ಖಂಡಿತ ಮಾಡಬೇಡಿ. ಒರೆಗಲ್ಲಿಗೆ ತಿಕ್ಕುವುದೂ ಬೇಡ.

## ಹಂತ 3: ತೊಳೆಯಬೇಡಿ, ಕಿಲುಬು ಮಾತ್ರ ಪರೀಕ್ಷಿಸಿ

ಅತಿ ಹೆಚ್ಚು ನಾಣ್ಯಗಳು ಹಾಳಾಗುವುದು ಈ ಹಂತದಲ್ಲಿ. ಹುಣಸೆಹಣ್ಣು, ನಿಂಬೆರಸ, ವಿನಿಗರ್, ಪಿತಾಂಬರಿ ಪುಡಿ, ಟೂತ್‌ಪೇಸ್ಟ್, ತಂತಿಬ್ರಷ್ ಯಾವುದೂ ಬೇಡ. ದೇವರ ದೀಪಕ್ಕೆ ಅವು ಸರಿ. ನಾಣ್ಯದಲ್ಲಿ ಹಾಗಲ್ಲ, ಎಷ್ಟೋ ಸಲ ಅಕ್ಷರಗಳು ಉಳಿದಿರುವುದು ಮೇಲಿನ ಹಸಿರು ಅಥವಾ ಕಂದು ಪದರದಲ್ಲೇ. ಪದರ ಹೋದರೆ ಅಕ್ಷರವೂ ಹೋಯಿತು. ಉಳಿಯುವುದು ಹೊಳೆಯುವ, ಗುಳಿಬಿದ್ದ ತಾಮ್ರದ ಬಿಲ್ಲೆ.

ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ಒಂದೆರಡು ದಿನಕ್ಕೊಮ್ಮೆ ನೀರು ಬದಲಿಸಿ. ಮೆತ್ತಗಾದ ಮಣ್ಣನ್ನು ಹಲ್ಲುಕಡ್ಡಿಯಿಂದ ನಿಧಾನಕ್ಕೆ ತೆಗೆಯಿರಿ. ವಾರಗಳು ಹಿಡಿಯಬಹುದು, ಹಿಡಿಯಲಿ. ನಲ್ಲಿ ನೀರು ಬೇಡ, ಅದರಲ್ಲಿರುವ ಕ್ಲೋರೈಡ್ ತಾಮ್ರಕ್ಕೆ ಶತ್ರು.

ಅಪಾಯದ ಗುರುತು: ತಾಮ್ರ, ಕಂಚಿನ ಮೇಲೆ ಗಟ್ಟಿಯಾಗಿ, ನುಣುಪಾಗಿ ಕೂತ ಕಡುಹಸಿರು ಒಳ್ಳೆಯದೇ, ಅದು ನಾಣ್ಯದ ರಕ್ಷಣೆ. ತಿಳಿಹಸಿರು ಬಣ್ಣದ, ಉಗುರು ತಾಗಿದರೆ ಪುಡಿ ಉದುರುವ ಚುಕ್ಕೆಗಳು ಕಂಡರೆ ಮಾತ್ರ ಎಚ್ಚರ. ಲೋಹದೊಳಗೆ ಕೂತ ಕ್ಲೋರೈಡ್ ಗಾಳಿಯ ತೇವದ ಜೊತೆ ಸೇರಿ ನಾಣ್ಯವನ್ನು ಒಳಗಿಂದ ತಿನ್ನುತ್ತಿದೆ ಎಂದರ್ಥ. ಪುಡಿಯನ್ನು ಕಡ್ಡಿಯಿಂದ ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ದಿನಗಟ್ಟಲೆ ನೆನೆಸಿ, ಪೂರ್ತಿ ಒಣಗಿಸಿ, ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕೆಲವು ವಾರ ಬಿಟ್ಟು ನೋಡಿ, ಅದೇ ಜಾಗದಲ್ಲಿ ಮತ್ತೆ ಪುಡಿ ಬಂದಿದ್ದರೆ ಇದು ನಿಂತಿಲ್ಲ. ಬೆಲೆಬಾಳುವ ನಾಣ್ಯವಾದರೆ ಆಗ ಸಂರಕ್ಷಣೆ ಗೊತ್ತಿರುವವರಿಗೆ ಕೊಡಿ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಇರುವವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಎಲ್ಲ ತಾಮ್ರದ ನಾಣ್ಯಗಳನ್ನು ಬೆಳಕಿಗೆ ಹಿಡಿದು ನೋಡಬೇಕು.

## ಹಂತ 4: ಅಳೆಯಿರಿ, ತೂಗಿ, ಲೋಹ ನೋಡಿ

ಈಗ ಒಂದು ಕಾಗದ ತಗೊಂಡು ಮೂರು ವಿಷಯ ಬರೆಯಿರಿ: ಲೋಹ, ತೂಕ, ಅಗಲ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಬೆಳ್ಳಿ, ಸುಮಾರು 18 ಮಿಲಿಮೀಟರ್, 3ರಿಂದ 4 ಗ್ರಾಂ ಒಳಗೆ ಇದ್ದರೆ ದಿನಾರಿಯಸ್ ಎಂದು ಹಿಡಿಯಿರಿ. ಆಗಸ್ಟಸ್ ಕಾಲದಲ್ಲಿ ಇದು ಹೆಚ್ಚುಕಡಿಮೆ 3.8 ಗ್ರಾಂ. ನೀರೋ ಕ್ರಿ.ಶ. 64ರ ಸುಮಾರಿಗೆ ತೂಕ ಇಳಿಸಿದ, ಆಮೇಲೆ 3.4 ಗ್ರಾಂ ಆಸುಪಾಸು. 32 ಮಿಲಿಮೀಟರ್ ದಾಟಿದ, 25 ಗ್ರಾಂ ಹತ್ತಿರದ ಹಿತ್ತಾಳೆಯ ದೊಡ್ಡ ನಾಣ್ಯ ಸೆಸ್ಟರ್ಷಿಯಸ್. 27 ಮಿಲಿಮೀಟರ್ ಸುತ್ತಮುತ್ತ ಇರುವುದು ಎರಡು: ಹಿತ್ತಾಳೆಯದಾದರೆ ದುಪಾಂಡಿಯಸ್, ಕೆಂಪು ತಾಮ್ರದ್ದಾದರೆ ಆಸ್. ಕಪ್ಪಾದ ಮೇಲೆ ಹಿತ್ತಾಳೆ ಯಾವುದು, ತಾಮ್ರ ಯಾವುದು ಎಂದು ಹೇಳುವುದು ಕಷ್ಟ. ಅದನ್ನು ಮುಂದಿನ ಹಂತದ ಕಿರೀಟ ಬಗೆಹರಿಸುತ್ತದೆ.

ನಿಮ್ಮ ಕೈಲಿರುವುದು 15ರಿಂದ 20 ಮಿಲಿಮೀಟರ್, ಒಂದರಿಂದ ಮೂರು ಗ್ರಾಂ ತೂಗುವ ಕಪ್ಪು ನಾಣ್ಯವಾದರೆ ಅದು ಬಹುಮಟ್ಟಿಗೆ ನಾಲ್ಕನೇ ಶತಮಾನದ್ದು, ಕಾನ್‌ಸ್ಟಂಟೈನ್ ಮನೆತನ ಅಥವಾ ಅವರ ನಂತರದವರದ್ದು. ಇವು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ, ಇಂದಿಗೂ ಅಗ್ಗ. ಕಲಿಯುವವರು ಇವುಗಳಿಂದಲೇ ಶುರು ಮಾಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಮೊದಲ ನಾಣ್ಯವಾಗಿ ಚಿನ್ನ, ಬೆಳ್ಳಿ ಹುಡುಕಿ ಹೋಗುವವರೇ ನಕಲಿಗೆ ಜಾಸ್ತಿ ಬೀಳುತ್ತಾರೆ.

ಅಗಲವನ್ನು ಎರಡು ಕಡೆಯಿಂದ ಅಳೆಯಿರಿ, ಈ ನಾಣ್ಯಗಳು ದುಂಡಗಿರುವುದಿಲ್ಲ. ಆಮೇಲೆ ಮುಖ ನೇರ ಬರುವಂತೆ ಬೆರಳ ನಡುವೆ ನಿಲ್ಲಿಸಿ ಪಕ್ಕಕ್ಕೆ ತಿರುಗಿಸಿ, ಹಿಂಬದಿ ನೇರ ಇದೆಯೋ ತಲೆಕೆಳಗೋ ಬರೆದಿಡಿ. ಈ ಎರಡರಲ್ಲಿ ಒಂದು ಇರುವುದೇ ರೂಢಿ.

## ಹಂತ 5: ಮುಖ ಬಿಡಿ, ತಲೆ ಮೇಲೆ ಏನಿದೆ ನೋಡಿ

ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿ, ಬೆಳಕು ನಾಣ್ಯದ ಮೇಲೆ ಅಡ್ಡಲಾಗಿ ಬೀಳಲಿ. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ನೇರ ಬೆಳಕಿನಲ್ಲಿ ಬೋಳು ಎಂದುಕೊಂಡಿದ್ದ ಜಾಗದಲ್ಲಿ ಒಂದು ಕೋನಕ್ಕೆ ಬಂದಾಗ ಗೆರೆಗಳು ಎದ್ದು ನಿಲ್ಲುತ್ತವೆ. ಆಗಲೇ ಫೋಟೋ ತೆಗೆಯಿರಿ, ಫ್ಲ್ಯಾಶ್ ಬೇಡ.

ಸೂರ್ಯಕಿರಣದಂತೆ ಮೊನೆಗಳಿರುವ ಕಿರೀಟವಾದರೆ ಹಿತ್ತಾಳೆಯಲ್ಲಿ ದುಪಾಂಡಿಯಸ್ (ನೀರೋ ಕಾಲದಿಂದ), ಬೆಳ್ಳಿ ಅಥವಾ ಬೆಳ್ಳಿ ನೀರು ಹಿಡಿಸಿದ ತಾಮ್ರದಲ್ಲಿ ಆಂಟೊನಿನಿಯಾನಸ್. ಈ ಎರಡನೆಯದು 215ರಲ್ಲಿ ಕ್ಯಾರಕಲ್ಲ ತಂದದ್ದು, ಮೂರನೇ ಶತಮಾನದ ನಾಣ್ಯಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಬೆಳ್ಳಿಯ ಅಥವಾ ಬೆಳ್ಳಿ ನೀರಿನ ನಾಣ್ಯದಲ್ಲಿ ರಾಣಿಯ ಚಿತ್ರವಿದ್ದು ಭುಜದ ಕೆಳಗೆ ಬಾಲಚಂದ್ರ ಇದ್ದರೆ ಅದೂ ಆಂಟೊನಿನಿಯಾನಸ್ಸೇ. ಎಲೆಗಳ ಹಾರ ಕಟ್ಟಿದ ತಲೆ ಎಲ್ಲ ಕಾಲದಲ್ಲೂ ಇದೆ, ಅದೊಂದರಿಂದ ಏನೂ ಹೇಳಲಾಗದು. ಮುತ್ತು ಪೋಣಿಸಿದ ಪಟ್ಟಿ ಇದ್ದರೆ ಮಾತ್ರ ಗಟ್ಟಿ ಸುಳಿವು, 324ರ ಆಸುಪಾಸಿನ ನಂತರದ್ದು.

ಗಡ್ಡವನ್ನೂ ನೋಡಿ. ಹೇಡ್ರಿಯನ್‌ಗಿಂತ ಮುಂಚೆ, ಅಂದರೆ 117ಕ್ಕೆ ಮೊದಲು, ಪೂರಾ ಗಡ್ಡ ಬಿಟ್ಟ ಚಕ್ರವರ್ತಿ ನಾಣ್ಯದಲ್ಲಿ ಕಾಣಿಸುವುದಿಲ್ಲ. ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳು ಬೋಳು ಕೆನ್ನೆಯವರು. ನಾಲ್ಕನೇ ಶತಮಾನದ ನಡುವಲ್ಲಿ ಉದ್ದ ಗಡ್ಡ ಕಂಡರೆ ಮೊದಲು ಜೂಲಿಯನ್ ಎಂದು ಪರೀಕ್ಷಿಸಿ.

## ಹಂತ 6: ಹಿಂಬದಿಗೆ ಜಾಸ್ತಿ ಸಮಯ ಕೊಡಿ

ದೇವಸ್ಥಾನದ ಗೋಡೆಯ ಮೇಲಿನ ವಿಗ್ರಹವನ್ನು ಕೈಯಲ್ಲಿರುವ ಆಯುಧ ನೋಡಿ ಗುರುತಿಸುತ್ತೇವಲ್ವಾ, ಶಂಖ ಚಕ್ರ ಇದ್ದರೆ ವಿಷ್ಣು, ತ್ರಿಶೂಲ ಡಮರು ಇದ್ದರೆ ಶಿವ ಎಂದು? ಇಲ್ಲೂ ಅದೇ ಲೆಕ್ಕ. ಹಿಂಬದಿಯಲ್ಲಿ ನಿಂತ ಹೆಣ್ಣು ಹೆಚ್ಚಾಗಿ ಒಬ್ಬ ರೋಮನ್ ದೇವಿ. ಅವಳ ಮುಖ ನೋಡುತ್ತಾ ಕೂರಬೇಡಿ, ಕೈ ನೋಡಿ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಹಣ್ಣು ತುಂಬಿದ ಕೊಂಬು ಇದ್ದರೆ ಈಕ್ವಿಟಾಸ್ ಅಥವಾ ಮೊನೆಟಾ. ಹಡಗಿನ ಚುಕ್ಕಾಣಿ ಮತ್ತು ಅದೇ ಕೊಂಬು ಇದ್ದರೆ ಫಾರ್ಚೂನಾ. ಆಲಿವ್ ಕೊಂಬೆ ಪಾಕ್ಸ್‌ಗೆ, ಟೋಪಿ ಲಿಬರ್ಟಾಸ್‌ಗೆ. ಹಾವಿಗೆ ಉಣಿಸುವವಳು ಸಾಲೂಸ್. ಒಂದು ಕೈಯಲ್ಲಿ ಹೂ ಹಿಡಿದು ಇನ್ನೊಂದರಲ್ಲಿ ಸೀರೆಯ ನೆರಿಗೆ ಎತ್ತಿದಂತೆ ಬಟ್ಟೆ ಎತ್ತಿದವಳು ಸ್ಪೇಸ್.

ಎಡಬಲಕ್ಕೆ ದೊಡ್ಡದಾಗಿ ಎಸ್ ಮತ್ತು ಸಿ ಎಂಬ ಎರಡೇ ಅಕ್ಷರ ಇದ್ದರೆ ಅದು ಸೆನೆಟ್ ಒಪ್ಪಿಗೆಯ ಗುರುತು. ಹಿತ್ತಾಳೆ, ತಾಮ್ರದ ನಾಣ್ಯ, ನಾಲ್ಕನೇ ಶತಮಾನಕ್ಕಿಂತ ಹಳೆಯದು.

ಚಿಕ್ಕ ಕಪ್ಪು ನಾಣ್ಯಗಳಲ್ಲಿ ಹಿಂಬದಿ ಚಿತ್ರ ನೇರವಾಗಿ ವರ್ಷವನ್ನೇ ಹೇಳುತ್ತದೆ. ಕೋಟೆ ಬಾಗಿಲು, ಮೇಲೆ ಎರಡು ಬುರುಜು: ಹೆಚ್ಚಿನವು 324ರಿಂದ 330. ಇಬ್ಬರು ಸೈನಿಕರು, ನಡುವೆ ಎರಡು ಧ್ವಜಕಂಬ: 330ರಿಂದ 335. ಅದೇ ಇಬ್ಬರು, ನಡುವೆ ಒಂದೇ ಕಂಬ: ಅದರ ನಂತರದ್ದು, ತೂಕವೂ ಇಳಿದು ಒಂದೂವರೆ ಗ್ರಾಂ ಹತ್ತಿರ ಬಂದಿರುತ್ತದೆ. ಅವಳಿ ಮಕ್ಕಳಿಗೆ ಹಾಲೂಡುವ ತೋಳ: 330ರ ನಂತರ ರೋಮ್ ನಗರದ ಹೆಸರಲ್ಲಿ ಹೊರಟದ್ದು, ಅದರ ಮುಂಬದಿಯಲ್ಲಿ ರಾಜನೇ ಇಲ್ಲ, ಶಿರಸ್ತ್ರಾಣ ತೊಟ್ಟ ರೋಮಾ ದೇವಿ ಇದ್ದಾಳೆ. ಕುದುರೆಯಿಂದ ಬೀಳುತ್ತಿರುವವನನ್ನು ಸೈನಿಕ ಈಟಿಯಿಂದ ತಿವಿಯುವುದು: 348ರ ನಂತರ. ರೆಕ್ಕೆಯ ವಿಕ್ಟರಿ (ಜಯದ ದೇವಿ) ಎಡಕ್ಕೆ ನಡೆಯುವುದು, ಅಥವಾ ರಾಜ ಕೈದಿಯ ಕೂದಲು ಹಿಡಿದು ಎಳೆಯುವುದು: ಸಾಮಾನ್ಯವಾಗಿ 364ರಿಂದ 378ರ ನಡುವಿನ ವಾಲೆಂಟಿನಿಯನ್, ವಾಲೆನ್ಸ್ ಕಾಲ.

ಸಾಮಾನ್ಯ ತಪ್ಪು: ಎಲೆಹಾರದೊಳಗೆ ‘ವೋಟ್’ ಎಂದು ಬರೆದು ಕೆಳಗೆ ಹತ್ತು, ಇಪ್ಪತ್ತು ಎಂದು ರೋಮನ್ ಅಂಕಿ ಇದ್ದರೆ ಅದು ಇಸವಿಯಲ್ಲ, ಬೆಲೆಯೂ ಅಲ್ಲ. ಇಷ್ಟು ವರ್ಷದ ಆಳ್ವಿಕೆಗೆ ಹೊತ್ತ ಹರಕೆ. ಒಂದಂತೂ ನೆನಪಿಡಿ, ಈ ನಾಣ್ಯಗಳ ಮೇಲೆ ನಮ್ಮ ರೂಪಾಯಿಯಲ್ಲಿರುವಂಥ ಇಸವಿ ಇರುವುದೇ ಇಲ್ಲ.

## ಹಂತ 7: ಕೆಳಪಟ್ಟಿಯಲ್ಲಿ ಟಂಕಸಾಲೆ ಹುಡುಕಿ

ಹಿಂಬದಿಯಲ್ಲಿ ಚಿತ್ರದ ಕಾಲಿನ ಕೆಳಗೆ ಒಂದು ಅಡ್ಡಗೆರೆ, ಅದರ ಕೆಳಗೆ ಮೂರ್ನಾಲ್ಕು ಸಣ್ಣ ಅಕ್ಷರ. ನಾಲ್ಕನೇ ಶತಮಾನದ ನಾಣ್ಯದಲ್ಲಿ ಅದು ಅಚ್ಚಾದ ಊರಿನ ಗುರುತು. ಎಸ್-ಎಂ-ಎನ್ ಬಂದರೆ ನಿಕೋಮೀಡಿಯ. ಎಸ್-ಎಂ-ಎ-ಎನ್ ಬಂದರೆ ಆಂಟಿಯೋಕ್. ಎಸ್-ಎಂ-ಕೆ ಬಂದರೆ ಸಿಜಿಕಸ್. ಎಸ್-ಐ-ಎಸ್ ಇದ್ದರೆ ಸಿಸ್ಕಿಯ, ಟಿ-ಆರ್ ಇದ್ದರೆ ಟ್ರಿಯರ್, ಎ-ಕ್ಯೂ ಇದ್ದರೆ ಅಕ್ವಿಲೀಯ. ಇವುಗಳ ಹಿಂದೋ ಮುಂದೋ ಇರುವ ಒಂಟಿ ಅಕ್ಷರ ಆ ಟಂಕಸಾಲೆಯೊಳಗಿನ ಕಾರ್ಖಾನೆಯ ಕ್ರಮಸಂಖ್ಯೆ. ಪೂರ್ವದ ಊರುಗಳಲ್ಲಿ ಅದು ಗ್ರೀಕ್ ಅಕ್ಷರ, ಆಲ್ಫಾ ಅಂದರೆ ಒಂದು, ಬೀಟಾ ಅಂದರೆ ಎರಡು.

ಎಲ್ಲರೂ ಎಡವುವ ಜಾಗ ಒಂದಿದೆ. ಸಿ-ಓ-ಎನ್-ಎಸ್ ಎಂದಿದ್ದರೆ ಕಾನ್‌ಸ್ಟಾಂಟಿನೋಪಲ್. ಅದಕ್ಕೆ ಒಂದು ‘ಟಿ’ ಸೇರಿ ಸಿ-ಓ-ಎನ್-ಎಸ್-ಟಿ ಆದರೆ, ಅದಕ್ಕೆ ಮೊದಲು ಪಿ ಅಥವಾ ಎಸ್ ಇದ್ದರೆ, ಅದು ಫ್ರಾನ್ಸಿನ ಆರ್ಲ್ ಪಟ್ಟಣ. ಆ ಊರಿನ ಹೆಸರನ್ನು ಸ್ವಲ್ಪ ಕಾಲ ಕಾನ್‌ಸ್ಟಂಟೀನಾ ಎಂದು ಬದಲಿಸಿದ್ದರು. ಆ ಒಂದು ‘ಟಿ’ಗಾಗಿ ಭೂತಗನ್ನಡಿ ಹಿಡಿದು ಐದು ನಿಮಿಷ ಕೂತರೂ ತಪ್ಪಿಲ್ಲ.

ಮೂರನೇ ಶತಮಾನದ ಕೊನೆಯ ನಾಣ್ಯದಲ್ಲಿ ಕೆಳಪಟ್ಟಿಯಲ್ಲಿ ರೋಮನ್ ಅಂಕಿಯ ಇಪ್ಪತ್ತೊಂದು ಕಂಡರೆ ಊರು ಹುಡುಕಬೇಡಿ. ಔರೇಲಿಯನ್ 274ರ ಸುಮಾರಿಗೆ ತಂದ ಗುರುತು ಅದು. ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಎಂದು ಅದನ್ನು ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ.

## ಹಂತ 8: ಈಗ ಹೆಸರು ಓದಿ

ಬರಹ ಸಾಮಾನ್ಯವಾಗಿ ಎಡ ಭುಜದ ಕೆಳಗಿನಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ‘ಯು’ ಬದಲು ‘ವಿ’ ಬರುತ್ತದೆ. ಕಾಣದ ಅಕ್ಷರಕ್ಕೆ ಒಂದು ಚುಕ್ಕೆ ಹಾಕುತ್ತಾ ಕಾಗದದ ಮೇಲೆ ವೃತ್ತವಾಗಿ ಬರೆಯಿರಿ. ಊಹಿಸಿ ತುಂಬಬೇಡಿ. ‘ಇರಬಹುದು’ ಎಂದು ಬರೆದ ಅಕ್ಷರ ಹತ್ತು ನಿಮಿಷದಲ್ಲಿ ನಿಮ್ಮ ಕಣ್ಣಿಗೆ ನಿಜವಾಗಿಯೇ ಕಾಣತೊಡಗುತ್ತದೆ.

ಶುರುವಿನಲ್ಲಿ ಡಿ-ಎನ್ ಇದ್ದರೆ ‘ನಮ್ಮ ಒಡೆಯ’, ನಾಲ್ಕನೇ ಶತಮಾನ ಮತ್ತು ನಂತರ. ಐ-ಎಂ-ಪಿ ಇದ್ದರೆ ಸಾಮಾನ್ಯವಾಗಿ ಅದಕ್ಕಿಂತ ಹಳೆಯದು. ಕೊನೆಯಲ್ಲಿ ಎ-ವಿ-ಜಿ ಇದ್ದರೆ ಪೂರ್ಣ ಚಕ್ರವರ್ತಿ, ಎನ್-ಓ-ಬಿ-ಸಿ ಇದ್ದರೆ ಸೀಸರ್, ಅಂದರೆ ಯುವರಾಜ. ಮೊದಲೆರಡು ಶತಮಾನದ ನಾಣ್ಯದಲ್ಲಿ ಟಿ-ಆರ್-ಪಿ (ಚಕ್ರವರ್ತಿಯ ಟ್ರಿಬ್ಯೂನ್ ಅಧಿಕಾರದ ಗುರುತು) ಪಕ್ಕದ ಅಂಕಿ ವರ್ಷಕ್ಕೊಮ್ಮೆ ಏರುತ್ತದೆ, ಅದು ಸಿಕ್ಕರೆ ವರ್ಷವೇ ಸಿಕ್ಕಂತೆ. ನಾಲ್ಕನ್ನು ಅಲ್ಲಿ ಹೆಚ್ಚಾಗಿ ನಾಲ್ಕು ಗೆರೆ ಎಳೆದೇ ಬರೆಯುತ್ತಾರೆ.

ಮೊದಲ ಹೆಸರು ಕಂಡ ಕೂಡಲೇ ನಿಲ್ಲಬೇಡಿ. ಎಂ-ಎ-ವಿ-ಆರ್ ನೋಡಿ ‘ಮಾರ್ಕಸ್ ಔರೇಲಿಯಸ್ ಸಿಕ್ಕ!’ ಎಂದು ಸಂತೋಷಪಟ್ಟವರು ಬಹಳ ಜನ. ಪ್ರೋಬಸ್, ಸೆವೆರಸ್ ಅಲೆಕ್ಸಾಂಡರ್ ಹೀಗೆ ಅನೇಕರು ಅದೇ ಹೆಸರು ಇಟ್ಟುಕೊಂಡಿದ್ದರು.

ಇನ್ನು ಕಾನ್‌ಸ್ಟಂಟೈನ್ ಮನೆತನ. ‘ಕಾನ್‌ಸ್ಟಾನ್’ ವರೆಗಿನ ಏಳು ಅಕ್ಷರ ಅಪ್ಪನಿಗೂ ಅವನ ಮೂವರು ಮಕ್ಕಳಿಗೂ ಒಂದೇ. ಆಮೇಲೆ ಟಿ-ಐ-ಎನ್-ವಿ-ಎಸ್ ಬಂದರೆ ಕಾನ್‌ಸ್ಟಂಟೈನ್, ಟಿ-ಐ-ವಿ-ಎಸ್ ಬಂದರೆ ಕಾನ್‌ಸ್ಟಾಂಟಿಯಸ್, ನೇರ ಎಸ್ ಬಂದರೆ ಕಾನ್‌ಸ್ಟಾನ್ಸ್. ಅಂದರೆ ಏಳನೆಯದರ ನಂತರದ ಅಕ್ಷರಗಳ ಮೇಲೇ ಎಲ್ಲ ನಿಂತಿದೆ, ಬೆಳಕನ್ನು ಅಲ್ಲಿಗೇ ಹಿಡಿಯಿರಿ.

ಒಂದು ನಾಣ್ಯದ ಮೇಲೆ ಇದನ್ನೆಲ್ಲ ಮಾಡಿ ನೋಡೋಣ. ಕಪ್ಪು ತಾಮ್ರ, 17.5 ಮಿಲಿಮೀಟರ್, 2.4 ಗ್ರಾಂ. ತಲೆಯಲ್ಲಿ ಎಲೆಹಾರ, ಕೆನ್ನೆ ಬೋಳು, ಚಿಕ್ಕ ವಯಸ್ಸು. ಹಿಂಬದಿ ಇಬ್ಬರು ಸೈನಿಕರು, ನಡುವೆ ಎರಡು ಕಂಬ. ತೂಕವೂ ಎರಡು ಕಂಬದ ನಾಣ್ಯಕ್ಕೆ ಹೊಂದುತ್ತದೆ, ಹಾಗಾಗಿ 330ರಿಂದ 335. ಕೆಳಪಟ್ಟಿಯಲ್ಲಿ ಎಸ್-ಎಂ-ಎನ್, ಕೊನೆಯ ಅಕ್ಷರ ಸವೆದಿದೆ. ಊರು ನಿಕೋಮೀಡಿಯ. ಹೆಸರಿನ ಮೊದಲರ್ಧ ಪೂರ್ತಿ ಬೋಳು. ಕೊನೆಯಲ್ಲಿ ಐ-ವಿ-ಎನ್, ಎನ್-ಓ-ಬಿ-ಸಿ ಕಾಣುತ್ತಿದೆ. ಯುವರಾಜ ಎಂದಮೇಲೆ ಅಪ್ಪ ಕಾನ್‌ಸ್ಟಂಟೈನ್ ಹೊರಗೆ. ಐ-ವಿ-ಎನ್ ಅಂದರೆ ‘ಕಿರಿಯ’, ಅದು ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್ ಹೆಸರಿನಲ್ಲಿ ಬರುವುದಿಲ್ಲ. ಉಳಿದವನು ಒಬ್ಬನೇ, ಎರಡನೇ ಕಾನ್‌ಸ್ಟಂಟೈನ್. ಹೆಸರು ಓದದೆಯೇ ಹೆಸರು ಸಿಕ್ಕಿತು.

## ಹಂತ 9: ಕೋಶದಲ್ಲಿ ಹೊಂದಿಸಿ

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ‘ಓಕ್ರೆ’ ಎಂಬ ಆನ್‌ಲೈನ್ ಕೋಶ ಉಚಿತ. ಚಕ್ರವರ್ತಿ, ಟಂಕಸಾಲೆ, ಲೋಹ, ಹಿಂಬದಿ ಚಿತ್ರ ಆರಿಸುತ್ತಾ ಹೋದರೆ ಪಟ್ಟಿ ಚಿಕ್ಕದಾಗುತ್ತದೆ. ಸಿಕ್ಕ ಸಂಖ್ಯೆ ಬರೆದುಕೊಳ್ಳಿ. ಫೋಟೋ ಹೋಲುತ್ತದೆ ಎಂಬುದಷ್ಟೇ ಸಾಲದು. ಬರಹ, ಬರಹ ಎಲ್ಲಿ ತುಂಡಾಗಿದೆ, ಮುಖ ಎತ್ತ ತಿರುಗಿದೆ, ಕೆಳಪಟ್ಟಿ, ತೂಕ ಎಲ್ಲ ಹೊಂದಬೇಕು. ಒಂದು ಹೊಂದದಿದ್ದರೂ ಹಂತ 6ಕ್ಕೆ ವಾಪಸ್ ಹೋಗಿ.

ಬರಹ ಗ್ರೀಕ್ ಅಕ್ಷರದಲ್ಲಿದ್ದರೆ ಓಕ್ರೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಪ್ರಾಂತ್ಯದ ಊರುಗಳ ನಾಣ್ಯ, ಅದಕ್ಕೆ ಪ್ರಾಂತೀಯ ನಾಣ್ಯಗಳ ಬೇರೆ ಆನ್‌ಲೈನ್ ಕೋಶ ಇದೆ.

ದಕ್ಷಿಣ ಭಾರತದ ಸಂಗ್ರಹದಿಂದ ಬಂದ ದಿನಾರಿಯಸ್ ಆದರೆ ಮೊದಲು ಎರಡು ಬಗೆಯನ್ನು ಪರೀಕ್ಷಿಸಿ. ಆಗಸ್ಟಸ್ ಮುಂಬದಿ, ಹಿಂಬದಿಯಲ್ಲಿ ಗುರಾಣಿ ಈಟಿ ಹಿಡಿದು ನಿಂತ ಇಬ್ಬರು ಹುಡುಗರು, ಆಗಸ್ಟಸ್‌ನ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್. ಇಲ್ಲವೇ ಟೈಬೀರಿಯಸ್ ಮುಂಬದಿ, ಹಿಂಬದಿಯಲ್ಲಿ ಕುರ್ಚಿ ಮೇಲೆ ಕೂತ ಹೆಣ್ಣು. ನಮ್ಮ ಕಡೆಯ ರಾಶಿಗಳಲ್ಲಿ ಇವೆರಡೇ ಮತ್ತೆ ಮತ್ತೆ ಸಿಗುತ್ತವೆ. ಚಿತ್ರ ಸರಿಯಿದ್ದು ಅಕ್ಷರಗಳು ಬರೀ ಗೆರೆ ಚುಕ್ಕಿಗಳ ಸಾಲಿನಂತಿದ್ದರೆ ಇಂದಿನ ನಕಲಿ ಎಂದು ಎಸೆಯಬೇಡಿ. ಆ ಕಾಲದಲ್ಲೇ ಇಲ್ಲಿ ಮಾಡಿದ ಅನುಕರಣೆ ಇರಬಹುದು, ತಿಳಿದವರಿಗೆ ತೋರಿಸಿ. ಚಿನ್ನದ ನಾಣ್ಯದ ಮುಖದ ಮೇಲೆ ಉಳಿಯಿಂದ ಕೊಯ್ದ ಗಾಯ ಇದ್ದರೂ ಹಾಗೆಯೇ. ಪುದುಕ್ಕೋಟೈ ರಾಶಿಯ ನಾಣ್ಯಗಳಲ್ಲಿ ಅಂಥ ಗಾಯಗಳು ಬೇಕಾದಷ್ಟಿವೆ.

## ಹಂತ 10: ನಕಲಿ ಪರೀಕ್ಷೆ

ಅಂಚಿನಿಂದ ಶುರು ಮಾಡಿ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಒಂದು ಸಣ್ಣ ಗೆರೆ, ಅಥವಾ ಆ ಗೆರೆ ಮುಚ್ಚಲು ಅರ ಹಾಕಿ ಉಜ್ಜಿದ ಗುರುತು ಇರುತ್ತದೆ. ಮೈಮೇಲೆ ಗುಂಡುಸೂಜಿ ಮೊನೆಯಷ್ಟು ದುಂಡನೆಯ ಗುಳ್ಳೆ ಗುಳಿಗಳು ಕಾಣುತ್ತವೆ. ಅಕ್ಷರದ ಅಂಚು ಮೇಣದಂತೆ ಕರಗಿರುತ್ತದೆ. ನಿಜವಾದ ಸವೆತದಲ್ಲಿ ಎತ್ತರದ ಭಾಗ ಮೊದಲು ಸವೆಯುತ್ತದೆ, ತಗ್ಗಿನ ಗೆರೆ ಚೂಪಾಗಿಯೇ ಉಳಿಯುತ್ತದೆ.

ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೆ ಮುಗಿಯಿತು. ಅಂಟದಿದ್ದರೆ ಅಸಲಿ ಎಂದಲ್ಲ. ಒಬ್ಬರೇ ಮಾರುವ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಆಕಾರದ ಅಂಚು ಇದ್ದರೆ ಎರಡನ್ನೂ ಬಿಡಿ. ಬೆಳ್ಳಿ ಸಿಪ್ಪೆ ಎದ್ದು ಒಳಗೆ ತಾಮ್ರ ಕಂಡರೆ ಮಾತ್ರ ಆತುರ ಬೇಡ. ಬೆಳ್ಳಿ ಹೊದಿಸಿದ ಖೋಟಾ ನಾಣ್ಯಗಳನ್ನು ರೋಮನ್ ಕಾಲದಲ್ಲೇ ಮಾಡುತ್ತಿದ್ದರು, ಅವನ್ನೂ ಜನ ಸಂಗ್ರಹಿಸುತ್ತಾರೆ.

ಟೈಬೀರಿಯಸ್‌ನ ದಿನಾರಿಯಸ್ ಬಗ್ಗೆ ವಿಶೇಷ ಎಚ್ಚರ ಇರಲಿ. ಬೈಬಲ್‌ನಲ್ಲಿ ಬರುವ ತೆರಿಗೆಯ ನಾಣ್ಯ ಇದೇ ಎಂಬ ನಂಬಿಕೆಯಿಂದ ಬೇಡಿಕೆ ಜಾಸ್ತಿ, ನಕಲಿಯೂ ಜಾಸ್ತಿ.

## ಹಂತ 11: ಚೀಟಿ ಬರೆದು ಇಡಿ

ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ಅದು ವರ್ಷಗಳ ಮೇಲೆ ಅಂಟಂಟಾದ ಹಸಿರು ಪದರ ಬಿಡುತ್ತದೆ. ಪಿವಿಸಿ ಇಲ್ಲದ ಗಟ್ಟಿ ಕವರ್, ಅಥವಾ ಆಮ್ಲವಿಲ್ಲದ ಕಾಗದದ ಲಕೋಟೆ ತಗೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ, ಪೆನ್ಸಿಲ್‌ನಲ್ಲಿ: ಲೋಹ, ತೂಕ, ಅಗಲ, ಹಿಂಬದಿಯ ದಿಕ್ಕು, ಎರಡೂ ಬದಿಯಲ್ಲಿ ಕಂಡ ಅಕ್ಷರ ಕಂಡ ಹಾಗೆಯೇ, ಕೆಳಪಟ್ಟಿ, ಕೋಶದ ಸಂಖ್ಯೆ, ಯಾರಿಂದ ಯಾವಾಗ ಕೊಂಡದ್ದು, ಬಿಲ್ ನಂಬರ್. ಖಚಿತವಾಗದ ಕಡೆ ಪ್ರಶ್ನಾರ್ಥಕ ಹಾಕಿ. ಊರು ಗೊತ್ತಾಗಿ ರಾಜ ಗೊತ್ತಾಗದಿದ್ದರೆ ಊರನ್ನಷ್ಟೇ ಬರೆಯಿರಿ. ಕಾಲ ಮಾತ್ರ ಗೊತ್ತಾದರೆ ಕಾಲ ಮಾತ್ರ. ನಂತರ ಬೇರೆಯವರಿಗೆ ಫೋಟೋ ಕಳಿಸಿ ಕೇಳುವಾಗ ಎರಡೂ ಬದಿಯ ಚಿತ್ರದ ಜೊತೆ ಈ ಚೀಟಿಯ ಫೋಟೋವನ್ನೂ ಕಳಿಸಿ.